ಬರೋಣ, ಎಣ್ಣೆ, ಪರದೇಶಿ: ಕಾಯುವವರ ಸಾಹಿತ್ಯದ ಕುರಿತು



ಕನ್ನಡ ಕ್ರೈಸ್ತರ ಮಾತಿನಲ್ಲಿ ‘ಎರಡನೆಯ ಬರೋಣ’ ಎಂಬ ಪ್ರಯೋಗವೊಂದಿದೆ. ಶಿಲುಬೆಯ ಮೇಲೆ ಸತ್ತು, ಮೂರನೆಯ ದಿನ ಎದ್ದು, ಪರಲೋಕಕ್ಕೆ ಏರಿಹೋದ ಯೇಸು ಕ್ರಿಸ್ತ ತೀರ್ಪು ಕೊಡಲು ಮತ್ತೊಮ್ಮೆ ಬರುತ್ತಾನೆ ಎಂಬ ನಂಬಿಕೆಗೆ ಇರುವ ಹೆಸರು ಇದು. ‘ಪುನರಾಗಮನ’ ಎನ್ನುವವರೂ ಇದ್ದಾರೆ. ಆದರೆ ಚರ್ಚಿನ ಆವರಣದ ಹೊರಗೆ ಬೆಳೆದ ನಮ್ಮಂಥವರಿಗೆ ‘ಬರೋಣ’ ಎಂದೊಡನೆ ಕೇಳಿಸುವುದೇ ಬೇರೆ. ‘ಪೇಟೆಗೆ ಹೋಗಿ ಬರೋಣ’, ‘ಭಾನುವಾರ ಅವರ ಮನೆಗೆ ಹೋಗಿ ಬರೋಣ’. ಹಳೆಯ ಗದ್ಯದಲ್ಲಿ ‘ಬರೋಣ’ವೆಂದರೆ ಬರುವಿಕೆ, ಅಷ್ಟೇ. ಆಡುಮಾತಿನಲ್ಲಿ ಅದೇ ರೂಪ ನಾವೆಲ್ಲ ಸೇರಿ ಮಾಡಬೇಕಾದ ಕೆಲಸದ ಕರೆಯಾಗಿ ಉಳಿದಿದೆ. ಯಾರೋ ಒಬ್ಬರು ಬರುವುದು ಮತ್ತು ನಾವು ಹೊರಡುವುದು ಎರಡನ್ನೂ ಒಂದೇ ಪದ ಹೊತ್ತುಕೊಂಡಿದೆ. ಈ ನಂಬಿಕೆಯಿಂದ ಹುಟ್ಟಿದ ಬರವಣಿಗೆಯನ್ನು ಓದುವಾಗ ಈ ಎರಡು ಅರ್ಥಗಳಲ್ಲಿ ಯಾವುದು ಮೇಲುಗೈ ಪಡೆಯುತ್ತದೆ ಎಂದು ನೋಡುವುದೇ ಈ ಬಾರಿಯ ನಮ್ಮ ಟಿಪ್ಪಣಿಯ ಉದ್ದೇಶ.

ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡ ಓದುಗರಿಗೆ ಇದೇಕೆ ಎಂದು ಕೆಲವರು ಕೇಳಬಹುದು. ಎರಡು ಕಾರಣಗಳಿವೆ. ಒಂದು, ಕನ್ನಡ ವಿಮರ್ಶೆ ಮಿಷನರಿಗಳ ಬಗ್ಗೆ ಬರೆಯುವಾಗ 1843ರ ‘ಮಂಗಳೂರ ಸಮಾಚಾರ’ವನ್ನು ನೆನೆಯುತ್ತದೆ, 1894ರ ಕಿಟೆಲ್ ನಿಘಂಟಿಗೆ ಕೈಮುಗಿಯುತ್ತದೆ, ಬಾಸೆಲ್ ಮಿಷನ್ನಿನ ಅಚ್ಚುಕೂಟವನ್ನು ಕೊಂಡಾಡುತ್ತದೆ. ಅವರು ಯಾವ ಕಥೆ ಹೇಳಲು ಅಷ್ಟು ದೂರ ಬಂದಿದ್ದರೋ ಆ ಕಥೆಯನ್ನು ಕಥೆಯಾಗಿ ಓದುವ ಗೋಜಿಗೆ ನಾವು ಹೋದದ್ದು ಕಡಿಮೆ. ಎರಡು, ನಾವು ಬಂದು ನೆಲೆಸಿರುವ ಈ ಎರಡು ಊರುಗಳ ಚರಿತ್ರೆಯಲ್ಲೂ ಸಾಹಿತ್ಯದಲ್ಲೂ ಈ ಕಾಯುವಿಕೆ ಆಳವಾಗಿ ಬೇರುಬಿಟ್ಟಿದೆ. ಅದನ್ನು ಅರಿಯದೆ ಇಲ್ಲಿನ ಕೆಲವು ಒಳ್ಳೆಯ ಪುಸ್ತಕಗಳ ಒಳಕ್ಕೆ ಇಳಿಯುವುದು ಕಷ್ಟ.

ಮೊದಲು ಮೂಲ ಕಥೆಗೆ ಬರೋಣ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕನ್ಯೆಯರ ಸಾಮತಿ ಇದೆ. ಮದುವೆಯ ಗಂಡನ್ನು ಎದುರುಗೊಳ್ಳಲು ಹತ್ತು ಹುಡುಗಿಯರು ದೀಪ ಹಿಡಿದು ಹೊರಡುತ್ತಾರೆ. ಐವರು ಬೇರೆ ಪಾತ್ರೆಯಲ್ಲಿ ಎಣ್ಣೆ ಒಯ್ದಿದ್ದಾರೆ, ಐವರು ಒಯ್ದಿಲ್ಲ. ಗಂಡು ತಡಮಾಡುತ್ತಾನೆ. ನಡುರಾತ್ರಿ ಅವನು ಬಂದನೆಂಬ ಕೂಗು ಏಳುತ್ತದೆ. ಎಣ್ಣೆ ಇಲ್ಲದವರು ಬೇಡುತ್ತಾರೆ, ಇದ್ದವರು ಕೊಡುವುದಿಲ್ಲ. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ತಟ್ಟಿದವರಿಗೆ ಒಳಗಿನಿಂದ ಸಿಗುವ ಉತ್ತರ, ನಿಮ್ಮ ಗುರುತೇ ನನಗಿಲ್ಲ ಎಂಬುದು.

ಬೈಬಲ್ ಸೊಸೈಟಿಯ ಹಳೆಯ ‘ಸತ್ಯವೇದ’ದಲ್ಲಿ ಈ ಗಂಡಿಗೆ ‘ಮದಲಿಂಗ’ ಎಂಬ ಹೆಸರು. ಮಾಸ್ತಿಯವರ ‘ಮದಲಿಂಗನ ಕಣಿವೆ’ಯನ್ನು ಓದಿದವರಿಗೆ ಈ ಪದ ಗೊತ್ತು, ಮದುವಣಿಗನಿಗೆ ಇರುವ ಹಳ್ಳಿಯ ಹೆಸರು. ಹುಡುಗಿಯರ ಕೈಯಲ್ಲಿರುವುದಕ್ಕೆ ಅನುವಾದಕರು ಆರಿಸಿದ್ದು ‘ಆರತಿ’. ಗ್ರೀಕ್ ಮೂಲದ ‘ಲಂಪಾಸ್’ ಎಂಬುದಕ್ಕೆ ದೀವಟಿಗೆ ಎನ್ನುವ ಅರ್ಥವೂ ಇದೆ. ದೀವಟಿಗೆ ದಾರಿ ಕಾಣಲು ಬೇಕು, ಆರತಿ ಬಂದವರ ಮುಖ ಬೆಳಗಲು ಬೇಕು. ಈ ಒಂದು ಪದದಿಂದ ಕಥೆಯ ಭಾವವೇ ಬದಲಾಗಿದೆ. ಕತ್ತಲ ರಸ್ತೆಯ ಭಯ ಹಿಂದೆ ಸರಿದು ಹೊಸ್ತಿಲಿನ ಸಂಭ್ರಮ ಮುಂದೆ ಬಂದಿದೆ. ಇದರಿಂದ ಸ್ವಲ್ಪ ನಷ್ಟವೂ ಆಗಿದೆ, ಯಾಕೆಂದರೆ ಆರತಿಯನ್ನು ಯಾರೂ ಅರ್ಧರಾತ್ರಿಯವರೆಗೆ ಹೊತ್ತಿಸಿಕೊಂಡು ಕೂರುವುದಿಲ್ಲ, ಅತಿಥಿ ಬಾಗಿಲಿಗೆ ಬಂದಾಗ ಹಚ್ಚುತ್ತಾರೆ. ಆದರೂ ನಮ್ಮ ದೃಷ್ಟಿಯಲ್ಲಿ ಲಾಭವೇ ಹೆಚ್ಚು. ಬರುವವನು ದಂಡಾಧಿಕಾರಿಯಂತೆ ಕಾಣದೆ ಮನೆಯ ಅಳಿಯನಂತೆ ಕಾಣುವುದು ಈ ಭಾಷಾಂತರದಲ್ಲಿ.

ಕಥೆಯಲ್ಲಿ ಇನ್ನೊಂದು ವಿಚಿತ್ರವಿದೆ. ಗಂಡು ತಡಮಾಡಿದಾಗ ಹತ್ತೂ ಮಂದಿ ತೂಕಡಿಸಿ ಮಲಗುತ್ತಾರೆ, ಬುದ್ಧಿವಂತೆಯರೂ ಸೇರಿ. ಕೊನೆಯಲ್ಲಿ ಬರುವ ಉಪದೇಶ ಮಾತ್ರ ಎಚ್ಚರವಾಗಿರಿ ಎನ್ನುತ್ತದೆ. ಕಥೆಗೂ ಅದರ ಬುದ್ಧಿಮಾತಿಗೂ ನಡುವೆ ಇಲ್ಲೊಂದು ಬಿರುಕಿದೆ. ಪ್ರಸಂಗಗಳೂ ಕರಪತ್ರಗಳೂ ಸಾಮಾನ್ಯವಾಗಿ ಬುದ್ಧಿಮಾತನ್ನು ಹಿಡಿದುಕೊಂಡು ಜನರ ನಿದ್ದೆ ಕೆಡಿಸುತ್ತವೆ. ಭೂಕಂಪ, ಯುದ್ಧ, ಬರಗಾಲಗಳ ಪಟ್ಟಿ ಕೊಡುತ್ತವೆ. ಕಥೆ ಹೇಳುವುದು ಬೇರೆ. ಸಿದ್ಧತೆ ಎಂದರೆ ನಿದ್ದೆಗೆಟ್ಟು ಕೂರುವುದಲ್ಲ. ಮಲಗುವ ಮುನ್ನ ಎಣ್ಣೆ ಇಟ್ಟುಕೊಂಡವರಿಗೆ ಮಲಗಲು ಅಡ್ಡಿಯಿಲ್ಲ.

ಎಣ್ಣೆ ಹಂಚಲಿಲ್ಲವೆಂಬುದು ನಮ್ಮ ಓದುಗರನ್ನು ಯಾವಾಗಲೂ ಚುಚ್ಚುತ್ತದೆ. ಹಂಚಿ ತಿನ್ನು ಎಂದು ಕಲಿತು ಬೆಳೆದವರಿಗೆ ಆ ಐವರು ಜಾಣೆಯರು ಜಿಪುಣಿಯರಾಗಿ ಕಂಡರೆ ಆಶ್ಚರ್ಯವಿಲ್ಲ. ಸಾಮಾನ್ಯವಾಗಿ ಕೊಡುವ ಸಮಾಧಾನವೆಂದರೆ, ಅದು ಕೊಡಲಾಗದ ವಸ್ತು, ಒಬ್ಬರ ಪರವಾಗಿ ಇನ್ನೊಬ್ಬರು ಕಾಯಲಾರರು ಎಂಬುದು. ಅದು ಸರಿಯೇ. ಮುಚ್ಚಿದ ಬಾಗಿಲಿನ ಅರ್ಥವನ್ನೂ ನಮ್ಮಲ್ಲಿ ಹಲವರು ಇತ್ತೀಚೆಗೆ ಮೈಯಿಂದಲೇ ತಿಳಿದಿದ್ದೇವೆ. 2020ರ ಮಾರ್ಚ್‌ನಲ್ಲಿ ಈ ದೇಶದ ಗಡಿ ಮುಚ್ಚಿತು. 2021ರ ಮೇ ತಿಂಗಳಲ್ಲಿ ಕೆಲವು ದಿನ ಭಾರತದಿಂದ ಬರುವ ಇಲ್ಲಿನ ಪ್ರಜೆಗಳಿಗೂ ಪ್ರವೇಶವಿರಲಿಲ್ಲ. ಮುಂದಿನ ವರ್ಷ ಹೋಗೋಣ, ಅಪ್ಪನ ಜೊತೆ ಒಂದು ತಿಂಗಳು ಇರೋಣ ಎಂದುಕೊಂಡಿದ್ದ ಎಷ್ಟೋ ಮನೆಗಳಲ್ಲಿ ಆ ‘ಮುಂದಿನ ವರ್ಷ’ ಬರಲೇ ಇಲ್ಲ. ಮೈಸೂರು, ಧಾರವಾಡ, ಉಡುಪಿಗಳಲ್ಲಿ ದೀಪ ಹಿಡಿದು ಕಾದವರು ಅವರು. ತಡಮಾಡಿದವರು ನಾವು. ಈ ಸಾಮತಿಯನ್ನು ವಲಸೆಗಾರರು ಓದುವಾಗ ಪಾತ್ರಗಳು ಹೀಗೆ ಅದಲುಬದಲಾಗುವುದುಂಟು.

ಆದರೆ ಮತ್ತಾಯನ ಅಧ್ಯಾಯ ಅಲ್ಲಿಗೆ ನಿಲ್ಲುವುದಿಲ್ಲ ಎಂಬುದನ್ನು ಮರೆಯಬಾರದು. ಹತ್ತು ಕನ್ಯೆಯರ ನಂತರ ತಲಾಂತುಗಳ ಕಥೆ, ಅದರ ನಂತರ ಕೊನೆಯ ತೀರ್ಪಿನ ಚಿತ್ರ. ಅಲ್ಲಿ ಅರಸನು ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸಿ, ತಾನು ಹಸಿದಿದ್ದಾಗ, ಬಾಯಾರಿದ್ದಾಗ, ಬಟ್ಟೆಯಿಲ್ಲದಿದ್ದಾಗ, ಸೆರೆಯಲ್ಲಿದ್ದಾಗ ಯಾರು ಏನು ಮಾಡಿದರು ಎಂದು ಲೆಕ್ಕ ಹೇಳುತ್ತಾನೆ. ಆ ಪಟ್ಟಿಯಲ್ಲಿ ಅಪರಿಚಿತನೂ ಇದ್ದಾನೆ. ಹಳೆಯ ಕನ್ನಡ ಭಾಷಾಂತರ ಅವನಿಗೆ ಕೊಟ್ಟ ಹೆಸರು ‘ಪರದೇಶಿ’. ಕನ್ನಡದಲ್ಲಿ ಪರದೇಶಿ ಎಂದರೆ ಬೇರೆ ದೇಶದವನು, ದಿಕ್ಕಿಲ್ಲದವನು, ಎರಡೂ ಹೌದು. ಗುಂಪಿನ ಎರಡೂ ಕಡೆಯವರಿಗೆ ಆಶ್ಚರ್ಯವೇ ಆಗುತ್ತದೆ. ನಿನ್ನನ್ನು ನಾವು ಯಾವಾಗ ಕಂಡೆವು ಎಂದು ಇಬ್ಬರೂ ಕೇಳುತ್ತಾರೆ. ಬರಲಿರುವವನು ಆಗಲೇ ಬಂದು ಹೋಗಿದ್ದ, ಗುರುತು ಸಿಗದ ವೇಷದಲ್ಲಿ. ಮೂರೂ ಕಥೆಗಳನ್ನು ಒಟ್ಟಿಗೆ ಓದಿದಾಗ ಮೊದಲನೆಯದರ ಎಣ್ಣೆ ಏನೆಂಬುದು ಮೂರನೆಯದರಲ್ಲಿ ತಿಳಿಯುತ್ತದೆ. ಮೊದಲನೆಯದನ್ನು ಮಾತ್ರ ಕಿತ್ತು ಓದಿಸುವ ಬರವಣಿಗೆಯ ಮೇಲೆ ನಮಗಿರುವ ಮುಖ್ಯ ಆಕ್ಷೇಪ ಇದೇ.

ಕನ್ನಡಕ್ಕೆ ಈ ಕಾಯುವಿಕೆ ಹೊಸದಲ್ಲ. ವೀರಶೈವ ಕಾಲಜ್ಞಾನ ಸಾಹಿತ್ಯದಲ್ಲಿ ವೀರ ವಸಂತರಾಯ ಬಂದು ಕಲ್ಯಾಣವನ್ನು ಮತ್ತೆ ನೆಲೆಗೊಳಿಸುತ್ತಾನೆ ಎಂಬ ನಿರೀಕ್ಷೆ ಇದೆ. ಬರುವ ಮುನ್ನ ಕಾಣುವ ಉತ್ಪಾತಗಳ ವಿವರವೂ ಇದೆ. ಇನ್ನೊಂದೆಡೆ ಶಬರಿ ಇದ್ದಾಳೆ. ವಿ.ಸೀ. ಅವರ ಗೀತೆಯಿಂದ ಹಿಡಿದು ಕುವೆಂಪು ಅವರ ಮಹಾಕಾವ್ಯದವರೆಗೆ ಕನ್ನಡ ಕವಿಗಳ ಮನಸ್ಸು ಅವಳತ್ತ ಹೋದದ್ದಕ್ಕೆ ಕಾರಣವಿರಬೇಕು. ಅವಳ ಬಳಿ ದಿನಾಂಕವಿಲ್ಲ, ಲಕ್ಷಣಗಳ ಪಟ್ಟಿ ಇಲ್ಲ. ಬರುವವನಿಗಾಗಿ ಪ್ರತಿದಿನ ಮಾಡಬೇಕಾದ ಸಣ್ಣ ಕೆಲಸವಿದೆ.

ಇಲ್ಲಿ ಕ್ರೈಸ್ತ ಓದುಗರೊಬ್ಬರು ನಮ್ಮನ್ನು ತಡೆದು ಕೇಳಬಹುದು, ಮದಲಿಂಗನನ್ನು ಕಳಿಸಿಬಿಟ್ಟು ಬರೀ ಆರತಿಯನ್ನು ಇಟ್ಟುಕೊಂಡಿರಲ್ಲ ಎಂದು. ಆ ಪ್ರಶ್ನೆ ನ್ಯಾಯವಾದದ್ದು. ಸಾಹಿತ್ಯದ ಓದುಗರು ನಂಬಿಕೆಯನ್ನು ರೂಪಕವಾಗಿಸಿ ನಿರಾಳವಾಗುವುದು ಬಹಳ ಸುಲಭ. ಶಬರಿಯ ಕಥೆಯಲ್ಲಿ ರಾಮ ನಿಜವಾಗಿ ಬರುತ್ತಾನೆ, ಸಾಮತಿಯಲ್ಲಿ ಗಂಡು ನಿಜವಾಗಿ ಬರುತ್ತಾನೆ. ಬರದಿದ್ದರೆ ಎಣ್ಣೆಗೆ ಅರ್ಥವಿಲ್ಲ. ನಂಬುವವರ ಪಾಲಿಗೆ ಇದು ಉಪಮೆಯಲ್ಲ, ಆಗಲಿರುವ ಘಟನೆ. ಅದನ್ನು ಒಪ್ಪದೆಯೂ ಗೌರವಿಸಿಯೇ ಓದಬೇಕು. ನಾವು ಕೇಳುವುದು ಇಷ್ಟೇ: ಆ ಘಟನೆಯ ಹೆಸರಿನಲ್ಲಿ ಬರೆದದ್ದು, ಕಟ್ಟಿದ್ದು, ತಡವಾದ ಈ ಹೊತ್ತನ್ನು ಹೇಗೆ ಬಳಸಿತು?

ಈ ಪ್ರಶ್ನೆಯನ್ನು ಇಟ್ಟುಕೊಂಡು ನಮ್ಮ ಊರುಗಳನ್ನು ನೋಡೋಣ. ಸಿಡ್ನಿಯ ಬಾಲ್ಮೋರಲ್ ಕಡಲತೀರದಲ್ಲಿ 1923-24ರಲ್ಲಿ ಒಂದು ದೊಡ್ಡ ಬಯಲುರಂಗ ಎದ್ದಿತು. ಕಟ್ಟಿದ್ದು ಥಿಯಾಸಫಿಯವರ ‘ಆರ್ಡರ್ ಆಫ್ ದ ಸ್ಟಾರ್ ಇನ್ ದ ಈಸ್ಟ್’. ಬರಲಿರುವ ಜಗದ್ಗುರುವಿನ ಮಾತು ಕೇಳಲು ಸಮುದ್ರಕ್ಕೆ ಮುಖ ಮಾಡಿದ ಮೆಟ್ಟಿಲು ಮೆಟ್ಟಿಲಾದ ಆಸನಗಳು. ಆ ಗುರುವಿನ ಪಾತ್ರಕ್ಕೆ ಅವರು ಸಿದ್ಧಗೊಳಿಸಿದ್ದವರು ಮದನಪಲ್ಲೆಯಲ್ಲಿ ಹುಟ್ಟಿದ ಜಿಡ್ಡು ಕೃಷ್ಣಮೂರ್ತಿ. ಕ್ರಿಸ್ತ ನೀರಿನ ಮೇಲೆ ನಡೆದು ಸಿಡ್ನಿ ಹೆಡ್ಸ್ ಮೂಲಕ ಬರುತ್ತಾನೆ, ಅದನ್ನು ನೋಡಲು ಈ ಆಸನಗಳು ಎಂದು ಊರಿನವರು ಆಡಿಕೊಂಡರು. ಆ ಮಾತು ಇಂದಿಗೂ ದಂತಕಥೆಯಾಗಿ ಉಳಿದಿದೆ. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್‌ನಲ್ಲಿ ಕೃಷ್ಣಮೂರ್ತಿ ಆ ಸಂಘವನ್ನೇ ವಿಸರ್ಜಿಸಿದರು, ಅನುಯಾಯಿಗಳು ಬೇಡವೆಂದರು. ರಂಗವನ್ನು 1951ರಲ್ಲಿ ಕೆಡವಿದರು. ಈಗ ಅಲ್ಲಿ ಫ್ಲಾಟುಗಳಿವೆ. ಬರುವವನನ್ನು ನೋಡಲು ಎಲ್ಲಿ ಕೂರಬೇಕು ಎಂಬ ಯೋಚನೆ ಅಲ್ಲಿ ಮುಂದೆ ನಿಂತಿತ್ತು. ಸಾಮತಿಯ ಹುಡುಗಿಯರು ಪ್ರೇಕ್ಷಕರಾಗಿರಲಿಲ್ಲ.

ಮೆಲ್ಬರ್ನ್‌ನ ಕಥೆ ಬೇರೆ ದಾರಿ ಹಿಡಿಯಿತು. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತ ಬರುತ್ತಾನೆಂದು ನಂಬಿದ್ದರು. ದಿನ ಕಳೆಯಿತು, ಯಾರೂ ಬರಲಿಲ್ಲ. ಆ ನಿರಾಶೆಯ ಬೂದಿಯಿಂದ ಎದ್ದ ಗುಂಪುಗಳಲ್ಲಿ ಒಂದು ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ. ಆಸ್ಟ್ರೇಲಿಯಾದಲ್ಲಿ ಅವರ ಮೊದಲ ಸಭೆ 1886ರಲ್ಲಿ ಮೆಲ್ಬರ್ನ್‌ನಲ್ಲಿ ಏರ್ಪಟ್ಟಿತು. ಅವರ ಪ್ರಮುಖ ಲೇಖಕಿ ಎಲೆನ್ ವೈಟ್ 1891ರಿಂದ 1900ರವರೆಗೆ ಈ ದೇಶದಲ್ಲಿದ್ದು ಬರೆದರು. ಬೇಗ ಬರುತ್ತಾನೆಂದು ನಂಬಿದ ಇವರು ಮಾಡಿದ್ದೇನು? ಕೂರಾನ್‌ಬಾಂಗ್‌ನಲ್ಲಿ ಕಾಲೇಜು ಕಟ್ಟಿದರು, 1898ರಲ್ಲಿ ಮೆಲ್ಬರ್ನ್‌ನಲ್ಲಿ ಸ್ಯಾನಿಟೇರಿಯಂ ಆಹಾರ ಸಂಸ್ಥೆ ಆರಂಭಿಸಿದರು, 1903ರಲ್ಲಿ ಸಿಡ್ನಿಯ ವರೂಂಗಾದಲ್ಲಿ ಆಸ್ಪತ್ರೆ ತೆರೆದರು. ನಮ್ಮ ಮಕ್ಕಳು ಬೆಳಿಗ್ಗೆ ಹಾಲಿಗೆ ಹಾಕಿಕೊಳ್ಳುವ ವೀಟ್‌ಬಿಕ್ಸ್ ಆ ಸಂಸ್ಥೆಯದೇ. ಅವರ ಪ್ರವಾದನಾ ಪುಸ್ತಕಗಳ ಲೆಕ್ಕಾಚಾರ ನಮ್ಮನ್ನು ಒಲಿಸಲಿಲ್ಲ. ಆದರೆ ದಿನಾಂಕ ಸುಳ್ಳಾದ ಮೇಲೆ ಉಳಿದ ಹೊತ್ತನ್ನು ಅವರು ರೋಗಿಗಳಿಗೂ ಹಸಿದವರಿಗೂ ಕೊಟ್ಟರು ಎಂಬುದನ್ನು ಒಪ್ಪಲೇಬೇಕು.

ಇನ್ನು ಸಿಡ್ನಿಯ ಅತಿ ಚಿಕ್ಕ ಸಾಹಿತ್ಯಕೃತಿ. ಆರ್ಥರ್ ಸ್ಟೇಸ್ ಬಡತನದಲ್ಲೂ ಕುಡಿತದಲ್ಲೂ ಬೆಂದವನು, ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದವನು. ಅಕ್ಷರ ಬಲ್ಲದ್ದು ಅಷ್ಟಕ್ಕಷ್ಟೆ. 1930ರಲ್ಲಿ ಮನಸ್ಸು ತಿರುಗಿತು. 1932ರ ನವೆಂಬರ್‌ನಲ್ಲಿ ಡಾರ್ಲಿಂಗ್‌ಹರ್ಸ್ಟ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಜಾನ್ ರಿಡ್ಲಿ ಎಂಬ ಬೋಧಕ ನಿತ್ಯತೆಯ ಬಗ್ಗೆ ಮಾಡಿದ ಪ್ರಸಂಗ ಕೇಳಿ ಹೊರಬಂದವನು ಸೀಮೆಸುಣ್ಣ ಹಿಡಿದು ಫುಟ್‌ಪಾತಿನ ಮೇಲೆ ‘ಎಟರ್ನಿಟಿ’ ಎಂದು ಬರೆದ. ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ, ನಸುಕಿನಲ್ಲಿ ಎದ್ದು, ಅದೊಂದೇ ಪದವನ್ನು ಸುಂದರವಾದ ದುಂಡಗಿನ ಅಕ್ಷರದಲ್ಲಿ ಬರೆಯುತ್ತ ಹೋದ. ಸುಮಾರು ಐದು ಲಕ್ಷ ಬಾರಿ ಬರೆದಿರಬೇಕೆಂದು ಅಂದಾಜು. ಬರೆಯುವವನು ಯಾರೆಂದು ಊರಿಗೆ ತಿಳಿದದ್ದು 1956ರಲ್ಲಿ. 1967ರಲ್ಲಿ ತೀರಿಕೊಂಡ.

ಇದನ್ನು ಕೃತಿ ಎನ್ನಬಹುದೇ? ನಮ್ಮ ಉತ್ತರ, ಹೌದು. ಆ ಪದದಲ್ಲಿ ದಿನಾಂಕವಿಲ್ಲ, ಬೆದರಿಕೆಯಿಲ್ಲ. ನಿತ್ಯತೆಯನ್ನು ಬರೆಯಲು ಮಳೆಗೆ ತೊಳೆದುಹೋಗುವ ಸೀಮೆಸುಣ್ಣವನ್ನೇ ಬಳಸಿದ್ದರಿಂದ ಮರುದಿನ ಮತ್ತೆ ಬರೆಯಲೇಬೇಕಾಗಿತ್ತು. 2000ದ ಹೊಸವರ್ಷದ ರಾತ್ರಿ ಹಾರ್ಬರ್ ಬ್ರಿಡ್ಜ್ ಮೇಲೆ ಅದೇ ಪದ ಅದೇ ಅಕ್ಷರದಲ್ಲಿ ದೀಪಗಳಿಂದ ಬೆಳಗಿತು, ಜಗತ್ತೆಲ್ಲ ನೋಡಿತು. ನೋಡಲು ಚೆನ್ನಾಗಿತ್ತು. ಆದರೆ ಫುಟ್‌ಪಾತಿನ ಮೇಲೆ ಆ ಪದವನ್ನು ಓದಲು ಕೆಲಸಕ್ಕೆ ಹೊರಟವನು ತಲೆ ತಗ್ಗಿಸಬೇಕಿತ್ತು, ಒಬ್ಬನೇ ಓದಬೇಕಿತ್ತು. ಸೇತುವೆಯ ಮೇಲೆ ಅದು ಊರಿನ ಅಲಂಕಾರವಾಯಿತು.

ಕೊನೆಯದಾಗಿ ಒಂದು ಕಾದಂಬರಿ. ಪ್ಯಾಟ್ರಿಕ್ ವೈಟ್ ಅವರ ‘ರೈಡರ್ಸ್ ಇನ್ ದ ಚಾರಿಯಟ್’ 1961ರಲ್ಲಿ ಬಂತು, ಆ ವರ್ಷದ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿ ಪಡೆಯಿತು. ವೈಟ್‌ಗೆ 1973ರಲ್ಲಿ ನೊಬೆಲ್ ಬಂತು. 1948ರಿಂದ 1960ರ ದಶಕದ ಆರಂಭದವರೆಗೆ ಅವರು ಬದುಕಿದ್ದು ಕ್ಯಾಸಲ್ ಹಿಲ್‌ನಲ್ಲಿ. ಇಂದು ನಮ್ಮವರು ಮೆಟ್ರೊ ಹತ್ತುವ ಆ ಉಪನಗರವೇ ಕಾದಂಬರಿಯ ‘ಸಾರ್ಸಪರಿಲಾ’ಕ್ಕೆ ಮಾದರಿ. ಮೊರ್ಡೆಕೈ ಹಿಮ್ಮೆಲ್‌ಫಾರ್ಬ್ ಜರ್ಮನಿಯಲ್ಲಿ ಪ್ರೊಫೆಸರಾಗಿದ್ದ ಯಹೂದಿ. ನಾಜಿಗಳಿಂದ ಹೆಂಡತಿಯನ್ನೂ ಎಲ್ಲವನ್ನೂ ಕಳೆದುಕೊಂಡು ಸಿಡ್ನಿಗೆ ಬಂದು ಸೈಕಲ್ ದೀಪ ತಯಾರಿಸುವ ಕಾರ್ಖಾನೆಯಲ್ಲಿ ಕೂಲಿಯಾಗುತ್ತಾನೆ. ಈಸ್ಟರ್ ರಜೆಯ ಹಿಂದಿನ ದಿನ ಸಹೋದ್ಯೋಗಿಗಳು ಕುಡಿದ ಮತ್ತಿನಲ್ಲಿ, ತಮಾಷೆಗೆಂದು, ಅವನನ್ನು ಅಂಗಳದ ಜಕರಂಡ ಮರಕ್ಕೆ ಕಟ್ಟಿ ಏರಿಸುತ್ತಾರೆ. ಆಮೇಲೆ ಅದೊಂದು ಹುಡುಗಾಟವೆಂದು ಕೈತೊಳೆದುಕೊಳ್ಳುತ್ತಾರೆ. ದೀಪದ ಕಾರ್ಖಾನೆಯಲ್ಲಿ ದುಡಿಯುವವರಿಗೆ ಪರದೇಶಿಯ ಮುಖ ಕಾಣದೇ ಹೋದ ಈ ಪ್ರಸಂಗ ಮತ್ತಾಯನ 25ನೆಯ ಅಧ್ಯಾಯವನ್ನು ಬಲ್ಲವರಿಗೆ ಬೇರೆಯೇ ಆಳ ಪಡೆಯುತ್ತದೆ.

ವೈಟ್ ಮೇಲೆ ನಮಗೆ ತಕರಾರಿದೆ. ದರ್ಶನ ಪಡೆದ ನಾಲ್ವರನ್ನು ಒಂದು ಕಡೆ ನಿಲ್ಲಿಸಿ, ಉಪನಗರದ ಮಿಸೆಸ್ ಜಾಲಿ, ಮಿಸೆಸ್ ಫ್ಲ್ಯಾಕ್‌ರಂಥವರನ್ನು ಇನ್ನೊಂದು ಕಡೆ ತಳ್ಳಿ, ಕಾದಂಬರಿಕಾರರು ತಾವೇ ಕುರಿ-ಆಡುಗಳನ್ನು ಬೇರ್ಪಡಿಸಿಬಿಡುತ್ತಾರೆ. ಅವರಿಗೆ ತಪ್ಪು ತಿದ್ದಿಕೊಳ್ಳಲು ಒಂದು ಕ್ಷಣವನ್ನೂ ಕೊಡುವುದಿಲ್ಲ. ಬಾಗಿಲು ಮುಚ್ಚುವ ಆತುರ ಕರಪತ್ರದವರಿಗೆ ಮಾತ್ರ ಇರುವುದಲ್ಲ. ಕಾದಂಬರಿಯನ್ನು ಈ ದೋಷದಿಂದ ಉಳಿಸುವವಳು ಮಿಸೆಸ್ ಗಾಡ್‌ಬೋಲ್ಡ್. ಶೆಡ್ಡಿನಲ್ಲಿ ಬದುಕಿ, ಊರವರ ಬಟ್ಟೆ ಒಗೆದು ಇಸ್ತ್ರಿ ಮಾಡಿ ಆರು ಹೆಣ್ಣುಮಕ್ಕಳನ್ನು ಸಾಕುವವಳು. ಹಿಮ್ಮೆಲ್‌ಫಾರ್ಬ್‌ನ ಮನೆ ಸುಟ್ಟುಹೋದಾಗ ಅವನನ್ನು ತನ್ನ ಶೆಡ್ಡಿಗೆ ತರಿಸಿಕೊಂಡು ಕೊನೆಯುಸಿರಿನವರೆಗೆ ನೋಡಿಕೊಳ್ಳುತ್ತಾಳೆ. ಅವಳು ಯಾರಿಗೂ ಏನನ್ನೂ ಬೋಧಿಸುವುದಿಲ್ಲ. ಅದೇ ರಾತ್ರಿ ಕಿಟಕಿಯಿಂದ ಇಣುಕುವ ಮೂಲನಿವಾಸಿ ಚಿತ್ರಕಾರ ಆಲ್ಫ್ ಡಬ್ಬೊ, ಕಾರ್ಖಾನೆಯ ಅಂಗಳದಲ್ಲಿ ಏನೂ ಮಾಡಲಾಗದೆ ನಿಂತವನು, ಕಂಡದ್ದನ್ನು ಬಣ್ಣದಲ್ಲಿ ಮೂಡಿಸಿಯೇ ಸಾಯುತ್ತಾನೆ.

‘ಬರೋಣ’ದ ಎರಡು ಅರ್ಥಗಳಲ್ಲಿ ಬರುವವನ ದಿನ, ದಾರಿ, ಲಕ್ಷಣಗಳನ್ನೇ ಎಣಿಸುವ ಬರವಣಿಗೆ ಬೇಗ ಹಳಸುತ್ತದೆ, ದಿನ ಕಳೆದರೆ ಅದರ ಕೆಲಸವೂ ಮುಗಿಯುತ್ತದೆ. ನಮ್ಮನ್ನು ಎಬ್ಬಿಸಿ ಹೊರಡಿಸುವ ಬರವಣಿಗೆ ನಂಬಿಕೆಯ ಗೋಡೆ ದಾಟಿಯೂ ಓದಿಸಿಕೊಳ್ಳುತ್ತದೆ. ಮತ್ತಾಯನ 25ನೆಯ ಅಧ್ಯಾಯ ಹಳೆಯ ಕನ್ನಡ ಭಾಷಾಂತರದಲ್ಲಿ ಹತ್ತು ನಿಮಿಷದ ಓದು. ಮೂರೂ ಕಥೆಗಳನ್ನು ಒಂದೇ ಬಾರಿಗೆ, ಸಾಧ್ಯವಾದರೆ ಗಟ್ಟಿಯಾಗಿ ಓದಿ. ಆಮೇಲೆ ವೈಟ್ ಅವರ ಕಾದಂಬರಿಯನ್ನು ಕೈಗೆತ್ತಿಕೊಳ್ಳಿ. ಉದ್ದದ ಪುಸ್ತಕ, ಬೇಸಿಗೆ ರಜೆಗೆ ಸರಿಹೋಗುತ್ತದೆ. ಪರದೇಶಿ ಎಂಬ ಪದ ನಿಮ್ಮ ಕಿವಿಗೆ ಹೇಗೆ ಕೇಳಿಸಿತು ಎಂದು ನಮಗೆ ಎರಡು ಸಾಲು ಬರೆದು ತಿಳಿಸಿ.